"ಅರ್ಧ ದಿನದ ಕೆಲಸ, ಪೂರ್ತಿ ಸಂಬಳ" ಅನ್ನುವವರಿಗೆ ನೀವು ಏನು ಹೇಳುತ್ತೀರಿ?

ಗಣಿತದ ಟೀಚರ್

ಮೊನ್ನೆ ಹತ್ತಿರದ ನೆಂಟರೊಬ್ಬರು ಎಲ್ಲರ ಎದುರಿಗೇ ಹೇಳಿದರು: "ನಿನಗೇನಮ್ಮ, ಅರ್ಧ ದಿನದ ಕೆಲಸ, ಪೂರ್ತಿ ಸಂಬಳ, ಮೇಲೆ ಬೇಕಾದಷ್ಟು ರಜೆ." ನಾನು ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಆ ಮಾತು ಬಿಟ್ಟುಹೋಗಲಿಲ್ಲ.

ಆ ರಾತ್ರಿ ನನ್ನ ಮುಂದೆ ನಾಲ್ಕನೇ ತರಗತಿಯ ಮೂರು ಸೆಕ್ಷನ್‌ಗಳ ನೋಟ್‌ಬುಕ್ ಇದ್ದವು. ಒಂದೊಂದರಲ್ಲಿ 42 ಮಕ್ಕಳು, ಒಟ್ಟು 126 ಪುಸ್ತಕ. ಒಂದಕ್ಕೆ ಮೂರು ನಿಮಿಷ ಅಂದರೂ 6 ಗಂಟೆ 18 ನಿಮಿಷ ಆಯಿತು. ಈ ಆರು ಗಂಟೆ ನನ್ನ ಟೈಮ್‌ಟೇಬಲ್‌ನಲ್ಲಿ ಎಲ್ಲೂ ಇಲ್ಲ.

ಸುಮ್ನೆ ಸರಿ, ತಪ್ಪು ಗುರುತು ಹಾಕಿ ಸಹಿ ಮಾಡಿದರೆ ಅರ್ಧ ನಿಮಿಷ ಸಾಕು. ಆದರೆ ಮನಸ್ಸು ಒಪ್ಪುವುದಿಲ್ಲ. ಒಬ್ಬ ಹುಡುಗ 52ರಲ್ಲಿ 38 ಕಳೆದು 26 ಎಂದು ಬರೆದಿದ್ದ. ಅದರ ಕೆಳಗೆ 71ರಲ್ಲಿ 45 ಕಳೆದು 34. ಗಮನವಿಟ್ಟು ಮಾಡಿಲ್ಲ ಅಂದುಕೊಂಡು ಪುಟ ಹಿಂದಕ್ಕೆ ತಿರುವಿದೆ. ಎಲ್ಲ ಕಡೆ ಅದೇ ಕಥೆ. ಮೇಲಿನ ಅಂಕಿ ಯಾವುದು, ಕೆಳಗಿನದು ಯಾವುದು ಅಂತ ಅವನು ನೋಡುತ್ತಲೇ ಇಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಾನೆ, ಅಷ್ಟೆ. 2ರಲ್ಲಿ 8 ಹೋಗುವುದಿಲ್ಲ, ಅದಕ್ಕೆ 8ರಲ್ಲಿ 2 ಕಳೆದ. ಪಕ್ಕದಿಂದ ಸಾಲ ತೆಗೆಯಬೇಕಿಲ್ಲದ ಲೆಕ್ಕಗಳೆಲ್ಲ ಸರಿ ಬಂದಿವೆ. ಹಾಗಾಗಿ ಎರಡು ವರ್ಷ ಯಾರಿಗೂ ಇದು ಗೊತ್ತೇ ಆಗಿಲ್ಲ.

ಆ ಒಂದು ಪುಸ್ತಕಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ನನ್ನ ಪಾಲಿಗೆ ಪಾಠ ಅಂದರೆ ಅದೇ. ಅದಕ್ಕೆ ಸಂಬಳವೂ ಇಲ್ಲ, ಸಮಯವೂ ಇಲ್ಲ, ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ನೀವೆಲ್ಲ ಇಂಥ ಮಾತಿಗೆ ಏನು ಉತ್ತರ ಕೊಡುತ್ತೀರಿ?

ನೀಲಿ ಶಾಯಿ

ನಾನು ಉತ್ತರ ಕೊಡುವುದಿಲ್ಲ ಮೇಡಂ. ಒಂದು ಕಟ್ಟು ಪುಸ್ತಕ ಎತ್ತಿ ಅವರ ಕೈಗೆ ಕೊಡುತ್ತೇನೆ. ನಿಜವಾಗಿ ಒಮ್ಮೆ ಹಾಗೆ ಮಾಡಿದ್ದೇನೆ. ನನ್ನ ಭಾವ ಹದಿನೈದು ಪ್ರಬಂಧ ಓದುವಷ್ಟರಲ್ಲಿ ಎದ್ದುಬಿಟ್ಟರು. ಆಮೇಲೆ ಆ ಮಾತು ಎತ್ತಿಲ್ಲ.

ಕೊನೆ ಬೆಂಚು

126 ಪುಸ್ತಕವಾ! ನಾನು ಓದುವಾಗ ಪುಸ್ತಕ ವಾಪಸ್ ಬಂದ ಕೂಡಲೇ ಕೊನೆ ಪುಟದ ಸಹಿ ನೋಡಿ ಮುಚ್ಚಿಡುತ್ತಿದ್ದೆ. ಅದರ ಹಿಂದೆ ಇಷ್ಟು ಹೊತ್ತು ಕೂತಿರುತ್ತಾರೆ ಅಂತ ಇವತ್ತೇ ಗೊತ್ತಾಗಿದ್ದು.

ಎರಡು ಮಕ್ಕಳ ಅಪ್ಪ

ನಿಮ್ಮಂಥ ಟೀಚರ್ ಸಿಕ್ಕಿದರೆ ನಾನು ಕೈ ಮುಗಿಯುತ್ತೇನೆ. ಆದರೆ ನಿಜ ಹೇಳಬೇಕಲ್ವಾ, ಎಲ್ಲರೂ ನಿಮ್ಮ ಹಾಗಿಲ್ಲ. ನನ್ನ ಮಗಳ ಪುಸ್ತಕದಲ್ಲಿ ತಪ್ಪು ಉತ್ತರಕ್ಕೂ ಸರಿ ಗುರುತು ಬಿದ್ದಿದೆ, ಕೆಳಗೆ "ಉತ್ತಮ" ಅಂತ ಬೇರೆ ಬರೆದಿದ್ದಾರೆ. ಹೋಗಿ ಕೇಳಿದರೆ "ನೀವು ಮನೆಯಲ್ಲಿ ನೋಡಿಕೊಳ್ಳಿ" ಅಂದರು. ಇಬ್ಬರಿಗೂ ಒಂದೇ ಸಂಬಳ. ಇದು ಯಾವ ನ್ಯಾಯ? ಬೇರೆ ಕೆಲಸಗಳಲ್ಲಿ ಚೆನ್ನಾಗಿ ಮಾಡಿದವರಿಗೆ ಜಾಸ್ತಿ ಕೊಡುತ್ತಾರೆ. ಮಕ್ಕಳು ಎಷ್ಟು ಕಲಿತರು ಅಂತ ನೋಡಿ ಸಂಬಳ ಕೊಡಲಿ. ಆಗ ನಿಮ್ಮಂಥವರಿಗೇ ಲಾಭ.

ಹಳೇ ಹಾಜರಿ ಪುಸ್ತಕ

ಅಪ್ಪ ಅವರೇ, ಇದನ್ನು ಮಾಡಿ ನೋಡಿ ಆಗಿದೆ. 1862ರಲ್ಲಿ ಇಂಗ್ಲೆಂಡಿನಲ್ಲಿ ಶಿಕ್ಷಣ ನೋಡಿಕೊಳ್ಳುತ್ತಿದ್ದ ರಾಬರ್ಟ್ ಲೋ ಎಂಬ ಮಂತ್ರಿ ಇದನ್ನೇ ನಿಯಮ ಮಾಡಿದ. ಫಲಿತಾಂಶಕ್ಕೆ ತಕ್ಕ ಹಣ. ಇನ್‌ಸ್ಪೆಕ್ಟರ್ ಶಾಲೆಗೆ ಬಂದು ಒಂದೊಂದು ಮಗುವಿಗೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡುತ್ತಿದ್ದ. ಪಾಸಾದ ಮಕ್ಕಳನ್ನು ಎಣಿಸಿ ಶಾಲೆಗೆ ಅನುದಾನ. ಮೇಷ್ಟ್ರ ಸಂಬಳ ಅದನ್ನೇ ನಂಬಿಕೊಂಡಿತ್ತು.

ಏನಾಯಿತು? ಪರೀಕ್ಷೆಗೆ ಬರುವ ಮೂರು ವಿಷಯ ಬಿಟ್ಟು ಉಳಿದ ಪಾಠಗಳು ಮೂಲೆ ಸೇರಿದವು. ಮಕ್ಕಳಿಗೆ ಅದೇ ಪುಸ್ತಕವನ್ನು ಬಾಯಿಪಾಠ ಮಾಡಿಸಿದರು. ಕವಿ ಮ್ಯಾಥ್ಯೂ ಆರ್ನಾಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಕಣ್ಣಾರೆ ನೋಡಿ ಇದು ಯಂತ್ರದ ಪಾಠ ಎಂದು ವಿರೋಧಿಸಿದರು. ಆದರೂ 1890ರ ದಶಕದವರೆಗೆ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಅದು ನಡೆಯಿತು. ಎಷ್ಟು ಮಕ್ಕಳ ಬಾಲ್ಯ ಅದರಲ್ಲಿ ಕಳೆದುಹೋಯಿತೋ.

ಎರಡು ಮಕ್ಕಳ ಅಪ್ಪ

ಸರ್, ಅದು 160 ವರ್ಷ ಹಿಂದಿನ ಮಾತು. ಈಗ ಅಳತೆ ಮಾಡುವ ದಾರಿಗಳು ಬೇರೆ ಇವೆ.

ಅಂಕಿ ಅಂಶ

ಈಗಿನದೂ ಇದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2006ರಿಂದ ಮೂರು ವರ್ಷ ಒಂದು ಪ್ರಯೋಗ ಮಾಡಿದರು. ಗಣಿತ ಶಿಕ್ಷಕರಲ್ಲಿ ಒಂದು ಗುಂಪಿಗೆ, ಮಕ್ಕಳ ಅಂಕ ಏರಿದರೆ ವರ್ಷಕ್ಕೆ 15,000 ಡಾಲರ್‌ವರೆಗೂ ಬೋನಸ್ ಎಂದರು. ಇನ್ನೊಂದು ಗುಂಪಿಗೆ ಏನೂ ಇಲ್ಲ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿದ್ದು. ಕೊನೆಗೆ ಒಟ್ಟಾರೆ ನೋಡಿದರೆ ಎರಡೂ ಗುಂಪಿನ ಮಕ್ಕಳ ಕಲಿಕೆ ಒಂದೇ.

ಆದರೆ ಒಂದೇ ಪಕ್ಕ ಹೇಳಿದರೆ ತಪ್ಪಾಗುತ್ತದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಇಂಥದ್ದೇ ಪ್ರಯೋಗ ಮಾಡಿದರು. ಅಲ್ಲಿ ಬೋನಸ್ ಕೊಟ್ಟ ಶಾಲೆಗಳ ಮಕ್ಕಳು ಎರಡು ವರ್ಷದಲ್ಲಿ ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಬಂದರು. ಬೋನಸ್ ಇಲ್ಲದ ವಿಷಯಗಳಲ್ಲೂ ಸುಧಾರಿಸಿದರು. 2011ರಲ್ಲಿ ಅದು ಪ್ರಕಟವಾಯಿತು. ಹಾಗಾಗಿ ಅಪ್ಪ ಅವರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಎಲ್ಲಿ, ಹೇಗೆ, ಎಷ್ಟು ಎನ್ನುವುದರ ಮೇಲೆ ನಿಂತಿದೆ.

ಎರಡು ಮಕ್ಕಳ ಅಪ್ಪ

ಧನ್ಯವಾದ. ನಾನು ಶಿಕ್ಷಕರ ಶತ್ರು ಅಲ್ಲ ಅಂತ ಒಬ್ಬರಾದರೂ ಒಪ್ಪಿದರಲ್ಲ.

ನೀಲಿ ಶಾಯಿ

ಶತ್ರು ಅಂತ ಯಾರೂ ಹೇಳಿಲ್ಲ. ಆದರೆ ಒಂದು ಪ್ರಶ್ನೆ. ನನ್ನ ತರಗತಿಗೆ ಈ ವರ್ಷ ಓದಲು ಬಾರದ ಹನ್ನೊಂದು ಮಕ್ಕಳು ಬಂದರು. ಪಕ್ಕದ ಸೆಕ್ಷನ್‌ಗೆ ಇಬ್ಬರು. ಅಂಕ ನೋಡಿ ಸಂಬಳ ಕೊಟ್ಟರೆ ಮುಂದಿನ ವರ್ಷ ಆ ಹನ್ನೊಂದು ಮಕ್ಕಳನ್ನು ಯಾರು ಕೇಳಿ ತೆಗೆದುಕೊಳ್ಳುತ್ತಾರೆ? ಈಗ ನಾನೇ ಕೇಳಿ ತೆಗೆದುಕೊಂಡಿದ್ದೇನೆ.

ಅಂಕಿ ಅಂಶ

ಅದಕ್ಕೇ ಅಂಕ ನೋಡಬಾರದು, ವರ್ಷದ ಮೊದಲಿಗೂ ಕೊನೆಗೂ ಇರುವ ವ್ಯತ್ಯಾಸ ನೋಡಬೇಕು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಇಬ್ಬರು ಸಂಗಡಿಗರು ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ಹಾಗೇ ನೋಡಿದರು. ಒಳ್ಳೆಯ ಶಿಕ್ಷಕರ ಕೈಯಲ್ಲಿ ಕಲಿತ ಮಕ್ಕಳು ದೊಡ್ಡವರಾದ ಮೇಲೆ ಕಾಲೇಜಿಗೆ ಹೋಗಿದ್ದೂ ಜಾಸ್ತಿ, ದುಡಿದಿದ್ದೂ ಜಾಸ್ತಿ. ಒಂದೇ ವರ್ಷದ ಟೀಚರ್‌ನಿಂದ ಇಷ್ಟು. ಟೀಚರ್‌ಗೆ ಬೆಲೆ ಇದೆಯಾ ಎನ್ನುವ ಪ್ರಶ್ನೆಗೆ ನನ್ನ ಉತ್ತರ ಇದೇ.

ನೀಲಿ ಶಾಯಿ

ಒಪ್ಪಿದೆ. ಆದರೆ ಆ ಬೆಲೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕು. ಸಂಬಳ ತಿಂಗಳ ಕೊನೆಗೆ ಬರಬೇಕು.

ಗುತ್ತಿಗೆ ಟೀಚರ್

ಎಲ್ಲ ಓದುತ್ತಿದ್ದೇನೆ. ಬೋನಸ್, ಇನ್‌ಕ್ರಿಮೆಂಟ್ ಎಲ್ಲ ನಮ್ಮಂಥವರಿಗೆ ದೂರದ ಮಾತು. ನಾನು ಗುತ್ತಿಗೆ ಮೇಲೆ ಇದ್ದೇನೆ. ಕಾಯಂ ಆದವರು ಮಾಡುವ ಎಲ್ಲ ಪೀರಿಯಡ್ ನಾನೂ ಮಾಡುತ್ತೇನೆ. ಹಾಜರಿ, ಪಾಠ ಟಿಪ್ಪಣಿ, ಪರೀಕ್ಷೆ ಮೇಲ್ವಿಚಾರಣೆ, ಉತ್ತರ ಪತ್ರಿಕೆ ಎಲ್ಲ ಒಂದೇ. ಕೈಗೆ ಬರುವುದು ಅರ್ಧಕ್ಕಿಂತ ಕಡಿಮೆ. ಶಾಲೆಗೆ ರಜೆ ಇರುವ ತಿಂಗಳು ಅದೂ ಇಲ್ಲ. ಹಾಗಾಗಿ ರಜೆ ಬಂತು ಅಂದರೆ ನನಗೆ ಭಯ.

ಒಂದು ದಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಮುಂದಿನ ವರ್ಷವೂ ನೀವೇ ಬರುತ್ತೀರಾ?" ನನಗೆ ಉತ್ತರ ಗೊತ್ತಿರಲಿಲ್ಲ. "ನೀನು ಚೆನ್ನಾಗಿ ಓದು" ಅಂದೆ. ಅವಳು ಕೇಳಿದ್ದು ಅದಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಣಿತದ ಟೀಚರ್

ಇದನ್ನು ಓದಿ ಕಣ್ಣು ತುಂಬಿತು. ನನ್ನದು ಕಾಯಂ ಕೆಲಸ. ನನ್ನ ದೂರು ನಿಮ್ಮ ಮುಂದೆ ಚಿಕ್ಕದು.

ಗುತ್ತಿಗೆ ಟೀಚರ್

ಹಾಗಲ್ಲ ಮೇಡಂ. ನಿಮ್ಮ 126 ಪುಸ್ತಕವೂ ನನ್ನ ಸಂಬಳವೂ ಬೇರೆ ಬೇರೆ ಅಲ್ಲ. ಪೀರಿಯಡ್ ಲೆಕ್ಕ ಹಾಕಿ ದುಡ್ಡು ಕೊಡುತ್ತಾರೆ, ಪೀರಿಯಡ್ ಆಚೆಗಿನದು ಯಾರಿಗೂ ಲೆಕ್ಕವಿಲ್ಲ. ನಿಮಗೆ ಸಮಯ ಸಿಗುತ್ತಿಲ್ಲ, ನನಗೆ ದುಡ್ಡು ಸಿಗುತ್ತಿಲ್ಲ.

ಹಳೇ ಹಾಜರಿ ಪುಸ್ತಕ

ಇಲ್ಲಿ ಒಂದು ವಿಷಯ ಹೇಳಬೇಕು. 1966ರ ಅಕ್ಟೋಬರ್ 5ರಂದು ಪ್ಯಾರಿಸ್‌ನಲ್ಲಿ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಒಪ್ಪಿಕೊಂಡವು. ಅಷ್ಟೇ ಓದು ಬೇಕಾಗುವ ಬೇರೆ ಕೆಲಸಗಳಿಗೆ ಹೋಲಿಸಿದರೆ ಶಿಕ್ಷಕರ ಸಂಬಳ ಕಡಿಮೆ ಇರಬಾರದು ಅಂತ ಅದರಲ್ಲಿದೆ. ಕೆಲಸದ ಗಂಟೆ ಲೆಕ್ಕ ಹಾಕುವಾಗ ಪಾಠದ ತಯಾರಿ ಮತ್ತು ತಿದ್ದುವ ಸಮಯವನ್ನೂ ಸೇರಿಸಬೇಕು ಅಂತಲೂ ಇದೆ. ಅಪ್ಪ ಅವರು ಕೇಳಿದ ವಿಷಯವೂ ಇದೆ: ಯೋಗ್ಯತೆ ಅಳೆದು ಸಂಬಳ ನಿಗದಿ ಮಾಡುವುದಾದರೆ ಮೊದಲು ಶಿಕ್ಷಕರ ಸಂಘಗಳನ್ನು ಕೇಳಿ ಒಪ್ಪಿಸಬೇಕು.

1994ರಿಂದ ಅದೇ ಅಕ್ಟೋಬರ್ 5 ವಿಶ್ವ ಶಿಕ್ಷಕರ ದಿನ. ಆದರೆ ಶಿಫಾರಸು ಅಂದರೆ ಶಿಫಾರಸು, ಕಡ್ಡಾಯ ಅಲ್ಲ. ಆ ದಿನ ಹೂವು ಕೊಡುವವರು ಅದರ ಒಂದು ಪುಟ ಓದಿದರೂ ಸಾಕಿತ್ತು.

ಕೊನೆ ಬೆಂಚು

ತಿದ್ದುವ ಸಮಯ 1966ರಲ್ಲೇ ಬರೆದಿಟ್ಟಿದ್ದಾರಾ? ಗಣಿತದ ಟೀಚರ್, ಇದನ್ನೇ ನಿಮ್ಮ ನೆಂಟರಿಗೆ ಹೇಳಿ.

ಹೊಸ ಟೀಚರ್

ನಾನು ಈ ಕೆಲಸಕ್ಕೆ ಸೇರಿ ಎಂಟು ತಿಂಗಳು. ಬರುವ ಮೊದಲು ನಾನೂ ಅರ್ಧ ದಿನದ ಕೆಲಸ ಅಂತಲೇ ನಂಬಿದ್ದೆ. ಮೊದಲ ವಾರ ದಿನಕ್ಕೆ ಆರು ಪೀರಿಯಡ್. ಒಂದು ಫ್ರೀ ಪೀರಿಯಡ್ ಇತ್ತು. ಯಾರೋ ರಜೆ ಹಾಕಿದರು, ಅದೂ ಬದಲಿ ಪೀರಿಯಡ್‌ಗೆ ಹೋಯಿತು. ಗುರುವಾರಕ್ಕೆ ದನಿ ಬಿದ್ದುಹೋಯಿತು. ಶುಕ್ರವಾರ ಪೂರ್ತಿ ಬೋರ್ಡ್ ಮೇಲೆ ಬರೆದು ಪಾಠ ಮಾಡಿದೆ. ಮಕ್ಕಳು ಅವತ್ತು ಯಾವತ್ತಿಗಿಂತ ಸುಮ್ಮನಿದ್ದರು. ಮುಂದಿನ ಸಾಲಿನ ಹುಡುಗ ಹಿಂದೆ ತಿರುಗಿ "ಟೀಚರ್‌ಗೆ ಗಂಟಲು ನೋವು, ಶ್" ಅಂದ.

ದನಿ ಉಳಿಸಿಕೊಳ್ಳುವುದು ಹೇಗೆ ಅಂತ ಯಾರಾದರೂ ಹೇಳುತ್ತೀರಾ?

ನಿವೃತ್ತ ಮೇಷ್ಟ್ರು

ಮಗಳೇ, ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಕೆಲವು ಮಾತು ಹೇಳುತ್ತೇನೆ. ಗದ್ದಲದ ಮೇಲೆ ಕೂಗಬೇಡ. ಗದ್ದಲ ನಿಲ್ಲುವವರೆಗೂ ಸುಮ್ಮನೆ ನಿಂತುಕೋ, ಅದು ನಿಲ್ಲುತ್ತದೆ. ಬೋರ್ಡ್ ಕಡೆ ಮುಖ ಮಾಡಿ ಮಾತಾಡಬೇಡ, ದನಿ ಗೋಡೆಗೆ ಹೋಗುತ್ತದೆ. ಪ್ರತಿ ಪೀರಿಯಡ್‌ಗೆ ಎರಡು ಗುಟುಕು ನೀರು ಕುಡಿ. ದನಿ ಎರಡು ವಾರವಾದರೂ ಸರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸು, ತಡ ಮಾಡಬೇಡ. ನಮ್ಮ ಕೆಲಸದಲ್ಲಿ ದನಿಯ ತೊಂದರೆ ಬೇರೆಯವರಿಗಿಂತ ಜಾಸ್ತಿ. ನಾನು ತಡ ಮಾಡಿದೆ, ಈಗಲೂ ಸಂಜೆಯಾದರೆ ದನಿ ಒಡೆಯುತ್ತದೆ.

ಇನ್ನೊಂದು. ಪ್ರಶ್ನೆ ಕೇಳಿದ ಮೇಲೆ ಮೂರು ಎಣಿಸು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಟೇಪ್ ಕೇಳಿ ಕಂಡುಕೊಂಡರು: ನಾವು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತೇವಂತೆ, ಆಮೇಲೆ ಇನ್ನೊಬ್ಬರನ್ನು ಕೇಳುತ್ತೇವೆ, ಇಲ್ಲವೇ ನಾವೇ ಹೇಳಿಬಿಡುತ್ತೇವೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದ ಆಗುತ್ತದೆ, ಯಾವತ್ತೂ ಬಾಯಿ ಬಿಡದ ಮಗು ಬಾಯಿ ಬಿಡುತ್ತದೆ. ನಾನಿದನ್ನು ತಿಳಿದಿದ್ದು ಕೆಲಸ ಬಿಡುವ ಐದು ವರ್ಷ ಮೊದಲು. ಮೊದಲೇ ತಿಳಿದಿದ್ದರೆ ಎಷ್ಟು ಮಕ್ಕಳ ಮಾತು ಕೇಳಿಸಿಕೊಳ್ಳುತ್ತಿದ್ದೆನೋ.

ಹೊಸ ಟೀಚರ್

ಸರ್, ನಾಳೆಯೇ ಮೂರು ಎಣಿಸುತ್ತೇನೆ. ತುಂಬಾ ಥ್ಯಾಂಕ್ಸ್.

ತಂಗಿ ಟೀಚರ್

ಒಂದು ಮಾತು ಯಾರೂ ಎತ್ತಿಲ್ಲ. ಈ ಕೆಲಸಕ್ಕೆ ಸಂಬಳ ಯಾಕೆ ಕಡಿಮೆ ಅಂದರೆ ಇದನ್ನು ಹೆಂಗಸರು ಮಾಡುವ ಕೆಲಸ ಅಂದುಕೊಂಡಿದ್ದಾರೆ. "ಮನೆ ಮಕ್ಕಳು ನೋಡಿಕೊಂಡು ಮಾಡಬಹುದು", "ಗಂಡನ ಸಂಬಳದ ಜೊತೆಗೆ ಇದೂ ಇರಲಿ." ಕೇಳಿ ಕೇಳಿ ಸಾಕಾಗಿದೆ. ಇದು ಇವತ್ತಿನದಲ್ಲ. ಐರ್ಲೆಂಡಿನಲ್ಲಿ 1930ರ ದಶಕದಿಂದ 1958ರವರೆಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯರು ಮದುವೆಯಾದರೆ ಕೆಲಸ ಬಿಡಬೇಕು ಅಂತ ನಿಯಮವಿತ್ತು. ಇಂಗ್ಲೆಂಡಿನಲ್ಲಿ 1944ರವರೆಗೂ ಮದುವೆ ಕಾರಣಕ್ಕೆ ತೆಗೆಯಬಹುದಿತ್ತು. ಅಲ್ಲಿ ಗಂಡಸು, ಹೆಂಗಸು ಇಬ್ಬರು ಶಿಕ್ಷಕರಿಗೂ ಪೂರ್ತಿ ಸಮಾನ ಸಂಬಳ ಬಂದಿದ್ದು 1961ರಲ್ಲಿ. ಅದೇ ಬೋರ್ಡು, ಅದೇ ಮಕ್ಕಳು, ಅದೇ ಪಾಠ.

ಎರಡು ಮಕ್ಕಳ ಅಪ್ಪ

ಇದು ನನಗೆ ಗೊತ್ತಿರಲಿಲ್ಲ. ಆದರೆ ಗಂಡಸು ಶಿಕ್ಷಕರಿಗೂ ಕಡಿಮೆಯೇ ಅಲ್ವಾ ಕೊಡುವುದು?

ತಂಗಿ ಟೀಚರ್

ಹೌದು ಸರ್. ಒಂದು ಕೆಲಸ ಅಗ್ಗ ಅಂತ ಒಮ್ಮೆ ತೀರ್ಮಾನವಾದರೆ ಆಮೇಲೆ ಯಾರು ಮಾಡಿದರೂ ಅಗ್ಗವೇ.

ಲೆಕ್ಕಪತ್ರ

ಇನ್ನೊಂದು ಕಾರಣ ಇದೆ. ವಿಲಿಯಂ ಬಾಮೋಲ್ ಎಂಬ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲಿ ಇದನ್ನು ಸಂಗೀತಗಾರರ ಉದಾಹರಣೆಯಿಂದ ತೋರಿಸಿದರು. ನಾಲ್ಕು ಜನ ಸೇರಿ ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆ ಎಷ್ಟು ಹೊತ್ತು, ಎಷ್ಟು ಜನ ಬೇಕಿತ್ತೋ ಈಗಲೂ ಅಷ್ಟೇ ಬೇಕು. ಕಾರ್ಖಾನೆಯಲ್ಲಿ ಹಾಗಲ್ಲ. ಅದೇ ಜನ ಹತ್ತು ಪಟ್ಟು ಸರಕು ಮಾಡುತ್ತಾರೆ, ಸಂಬಳ ಏರುತ್ತದೆ. ಪಾಠವೂ ಸಂಗೀತದ ಹಾಗೆ. ಭಾಗಾಕಾರ ಕಲಿಸಲು ಅಂದು 40 ನಿಮಿಷ, ಇಂದೂ 40 ನಿಮಿಷ. ಹಾಗಾಗಿ ಸಂಬಳ ಏರಿಸಿದಾಗಲೆಲ್ಲ ಕೊಡುವವರಿಗೆ "ಅಷ್ಟೇ ಕೆಲಸಕ್ಕೆ ಜಾಸ್ತಿ ದುಡ್ಡು" ಎನಿಸುತ್ತದೆ. ಏರಿಸದಿದ್ದರೆ ಜಾಣ ಹುಡುಗ ಹುಡುಗಿಯರು ಬೇರೆ ಕಡೆ ಹೋಗುತ್ತಾರೆ.

ಇದರಿಂದ ಪಾರಾಗಲು ಕೆಲವರು ಮಾಡುವುದೇನು ಗೊತ್ತಾ? ತರಗತಿಗೆ ಇನ್ನೂ ಹತ್ತು ಮಕ್ಕಳನ್ನು ಸೇರಿಸುತ್ತಾರೆ.

ನೀಲಿ ಶಾಯಿ

ಅಲ್ಲೇ ಬಂತು ನೋಡಿ! 42 ಮಕ್ಕಳು ಇದ್ದಿದ್ದಕ್ಕೇ 126 ಪುಸ್ತಕ.

ಅಂಕಿ ಅಂಶ

ತರಗತಿ ಚಿಕ್ಕದಾದರೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಾಲ್ಕು ವರ್ಷ, ಕೆಲವು ತರಗತಿಗೆ 13ರಿಂದ 17 ಮಕ್ಕಳು, ಕೆಲವಕ್ಕೆ 22ರಿಂದ 25. ಚಿಕ್ಕ ತರಗತಿಯ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದರು. ಬಡ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಗಮನಿಸಿ, ಅಲ್ಲಿ ದೊಡ್ಡ ತರಗತಿ ಅಂದಿದ್ದೇ 25.

ಎರಡು ಮಕ್ಕಳ ಅಪ್ಪ

ಸರಿ, ಹಾಗಾದರೆ ನೇರವಾಗಿ ಕೇಳುತ್ತೇನೆ. ಎಲ್ಲ ಶಿಕ್ಷಕರಿಗೂ ನಾಳೆಯಿಂದ ಎರಡರಷ್ಟು ಸಂಬಳ ಅಂದರೆ ನನ್ನ ಮಗಳ ಪುಸ್ತಕದಲ್ಲಿ ತಪ್ಪಿಗೆ ಸರಿ ಗುರುತು ಬೀಳುವುದು ನಿಲ್ಲುತ್ತದಾ?

ಅಂಕಿ ಅಂಶ

ನಾಳೆಗೇ ನಿಲ್ಲುವುದಿಲ್ಲ. ಇಂಡೋನೇಷ್ಯಾ ಇದನ್ನೇ ಮಾಡಿತು. 2005ರಲ್ಲಿ ಕಾನೂನು ತಂದು, ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ಸಂಬಳ ಎರಡರಷ್ಟು ಮಾಡಿದರು. ಶಿಕ್ಷಕರ ಹಣದ ಚಿಂತೆ ಕಡಿಮೆಯಾಯಿತು, ಎರಡನೇ ಕೆಲಸ ಮಾಡುವವರು ಕಡಿಮೆಯಾದರು. ಆದರೆ ಎರಡು ಮೂರು ವರ್ಷ ಆದ ಮೇಲೆ ಮಕ್ಕಳ ಕಲಿಕೆ ನೋಡಿದರೆ ಬದಲಾವಣೆ ಇಲ್ಲ.

ಎರಡು ಮಕ್ಕಳ ಅಪ್ಪ

ನಾನು ಹೇಳಿದ್ದು ಅದನ್ನೇ ಅಲ್ವಾ!

ಗುತ್ತಿಗೆ ಟೀಚರ್

ಒಂದು ನಿಮಿಷ. ಶಿಕ್ಷಕರು ಎರಡನೇ ಕೆಲಸ ಬಿಟ್ಟರು, ಚಿಂತೆ ಕಡಿಮೆಯಾಯಿತು ಅಂತ ನೀವೇ ಓದಿದಿರಿ. ಅದು ಲೆಕ್ಕಕ್ಕೆ ಬರುವುದಿಲ್ಲವಾ? ನಾನು ಶಾಲೆ ಮುಗಿಸಿ ಸಂಜೆ ಇನ್ನೊಂದು ಕಡೆ ಬಿಲ್ ಬರೆಯುವ ಕೆಲಸಕ್ಕೆ ಹೋಗುತ್ತೇನೆ, ರಾತ್ರಿ ಒಂಬತ್ತಕ್ಕೆ ಮನೆ. ನನಗೆ ಸಂಬಳ ಕೊಡಬೇಕಾಗಿರುವುದು ಮಕ್ಕಳ ಅಂಕ ಏರಲಿ ಅಂತ ಮಾತ್ರವಾ? ನಾನು ಕೆಲಸ ಮಾಡಿದ್ದೇನೆ, ಅದಕ್ಕೆ ಕೊಡಬೇಕು. ಬೇರೆ ಯಾವ ಕೆಲಸದವರನ್ನೂ ಹೀಗೆ ಕೇಳುವುದಿಲ್ಲ.

ಎರಡು ಮಕ್ಕಳ ಅಪ್ಪ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕ್ಷಮಿಸಿ. ನೀವು ಹೇಳಿದ್ದು ಸರಿ.

ನಿವೃತ್ತ ಮೇಷ್ಟ್ರು

ಇಂಡೋನೇಷ್ಯಾದ ವಿಷಯಕ್ಕೆ ಒಂದು ಸೇರಿಸುತ್ತೇನೆ. ಅಲ್ಲಿ ನೋಡಿದ್ದು ಆಗಲೇ ಕೆಲಸದಲ್ಲಿದ್ದ ಶಿಕ್ಷಕರನ್ನು. ಸಂಬಳದ ನಿಜವಾದ ಕೆಲಸ ಇರುವುದು ಬಾಗಿಲಲ್ಲಿ. ಯಾರು ಒಳಗೆ ಬರುತ್ತಾರೆ, ಯಾರು ಹೊರಗೆ ಹೋಗುತ್ತಾರೆ ಎನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ನನ್ನ ಶಿಷ್ಯರಲ್ಲಿ ತುಂಬಾ ಚೆನ್ನಾಗಿ ವಿವರಿಸಿ ಹೇಳುವ ಒಬ್ಬ ಹುಡುಗ ಇದ್ದ. ಬಿಡುವಿನಲ್ಲಿ ಬೇರೆ ಮಕ್ಕಳಿಗೆ ಅವನೇ ಪಾಠ ಹೇಳಿಕೊಡುತ್ತಿದ್ದ. ಟೀಚರ್ ಆಗು ಅಂದೆ. "ಮನೆಯಲ್ಲಿ ಬೇಡ ಅಂತಾರೆ ಸರ್" ಅಂದ. ಮನೆಯವರನ್ನು ದೂರುವುದು ಹೇಗೆ? ಅವರಿಗೆ ನನ್ನ ಸಂಬಳ ಗೊತ್ತಿತ್ತು.

ಲೆಕ್ಕಪತ್ರ

2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕು ಅಂತ ಯುನೆಸ್ಕೋ ಅಂದಾಜು ಮಾಡಿದೆ. ಆ ಹುಡುಗನಂಥವರು ಬೇಡ ಅಂದರೆ ಇಷ್ಟು ಜನ ಎಲ್ಲಿಂದ ಬರಬೇಕು?

ಕೊನೆ ಬೆಂಚು

ಫಿನ್‌ಲೆಂಡ್‌ನಲ್ಲಿ ಟೀಚರ್‌ಗಳಿಗೆ ಎಲ್ಲರಿಗಿಂತ ಜಾಸ್ತಿ ಸಂಬಳವಂತೆ. ಅದಕ್ಕೇ ಅಲ್ಲಿ ಚೆನ್ನಾಗಿದೆ.

ಹಳೇ ಹಾಜರಿ ಪುಸ್ತಕ

ಅಲ್ಲ. ಸಂಬಳದಲ್ಲಿ ಮೇಲಿರುವುದು ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್. ಫಿನ್‌ಲೆಂಡ್‌ನದು ಅಷ್ಟೇನೂ ಜಾಸ್ತಿ ಅಲ್ಲ. ಅಲ್ಲಿ ಆಗಿದ್ದು ಬೇರೆ. 1970ರ ದಶಕದಲ್ಲಿ ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಕ್ಕೆ ತಂದರು. ಪ್ರಾಥಮಿಕ ಶಾಲೆಗೂ ಸ್ನಾತಕೋತ್ತರ ಪದವಿ ಬೇಕು ಎಂದರು. ಅರ್ಜಿ ಹಾಕಿದವರಲ್ಲಿ ಕೆಲವರಿಗೆ ಮಾತ್ರ ಸೀಟು ಸಿಗುತ್ತಿತ್ತು. ಆಮೇಲೆ ತರಗತಿಯೊಳಗೆ ಅವರನ್ನು ನಂಬಿ ಬಿಟ್ಟರು. ಏನು ಕಲಿಸಬೇಕು, ಹೇಗೆ ಅಳೆಯಬೇಕು ಎನ್ನುವುದರಲ್ಲಿ ಅವರ ಮಾತು ನಡೆಯುತ್ತದೆ.

ನೀಲಿ ಶಾಯಿ

ನಂಬಿ ಬಿಟ್ಟರು. ಎಷ್ಟು ಒಳ್ಳೆಯ ಮಾತು. ನಾನು ಒಂದೇ ಹಾಜರಿಯನ್ನು ಮೂರು ಕಡೆ ತುಂಬುತ್ತೇನೆ. ಪುಸ್ತಕದಲ್ಲಿ, ಮೊಬೈಲ್‌ನಲ್ಲಿ, ತಿಂಗಳ ಕೊನೆಗೆ ಕಾಗದದಲ್ಲಿ. ಮೂರೂ ಒಂದೇ ಇರಬೇಕು.

ಅಂಕಿ ಅಂಶ

ಒಇಸಿಡಿ ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ, ಅದರ 2018ರ ಸಮೀಕ್ಷೆಯಲ್ಲಿ ಇದೂ ಇದೆ. ಟಾಲಿಸ್ ಅಂತ ಆ ಸಮೀಕ್ಷೆಯ ಹೆಸರು, ಹಲವು ದೇಶಗಳ ಶಿಕ್ಷಕರನ್ನೇ ಕೇಳಿ ಮಾಡಿದ್ದು. ಜಪಾನಿನ ಮಾಧ್ಯಮಿಕ ಶಾಲೆಯ ಶಿಕ್ಷಕರು ಆಗ ವಾರಕ್ಕೆ ಸರಾಸರಿ 56 ಗಂಟೆ ದುಡಿಯುತ್ತಿದ್ದರು. ಅದರಲ್ಲಿ ಪಾಠ 18 ಗಂಟೆ ಮಾತ್ರ. ಉಳಿದಿದ್ದೆಲ್ಲ ತಯಾರಿ, ತಿದ್ದುವುದು, ಕಾಗದದ ಕೆಲಸ, ಮಕ್ಕಳ ಆಟ ಮತ್ತು ಕ್ಲಬ್ಬು. ಗಣಿತದ ಟೀಚರ್ ಅವರ ನೆಂಟರು ನೋಡುವುದು ಆ 18 ಗಂಟೆಯನ್ನು.

ಸಮಾಜ ನಿಮ್ಮ ಕೆಲಸಕ್ಕೆ ಬೆಲೆ ಕೊಡುತ್ತದಾ ಅಂತಲೂ ಕೇಳಿದ್ದರು. ಹೌದು ಅಂದವರು ಒಇಸಿಡಿ ದೇಶಗಳಲ್ಲಿ ಸರಾಸರಿ ನಾಲ್ವರಲ್ಲಿ ಒಬ್ಬರು. ವಿಯೆಟ್ನಾಂನಲ್ಲಿ ಹತ್ತರಲ್ಲಿ ಒಂಬತ್ತು ಜನ ಹೌದು ಅಂದರು.

ತಂಗಿ ಟೀಚರ್

ವಿಯೆಟ್ನಾಂ ಶ್ರೀಮಂತ ದೇಶವೂ ಅಲ್ಲ. ಅಂದರೆ ಬೆಲೆ ಕೊಡುವುದು ದುಡ್ಡೊಂದರಿಂದಲೇ ಅಲ್ಲ ಅಂತಾಯಿತು.

ಗುತ್ತಿಗೆ ಟೀಚರ್

ದುಡ್ಡೊಂದೇ ಅಲ್ಲ, ಆದರೆ ದುಡ್ಡು ಇಲ್ಲದೆಯೂ ಅಲ್ಲ. "ನಿಮ್ಮದು ಪವಿತ್ರ ಕೆಲಸ" ಅಂತ ಹೇಳಿ ಹೇಳಿಯೇ ಸಂಬಳ ತಡ ಮಾಡುತ್ತಾರೆ. ಆ ಮಾತು ಕೇಳಿದರೆ ನನಗೆ ಈಗ ಸಂಕಟವಾಗುತ್ತದೆ.

ಎರಡು ಮಕ್ಕಳ ಅಪ್ಪ

ನಾನು ಬೆಳಗ್ಗೆಯಿಂದ ವಾದ ಮಾಡುತ್ತಿದ್ದೇನೆ. ಈಗ ಒಂದು ಪ್ರಶ್ನೆ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಸಂಬಳ ಏರಿಸುವುದು ನನ್ನ ಕೈಯಲ್ಲಿಲ್ಲ. ಒಬ್ಬ ಅಪ್ಪನಾಗಿ ನಾನು ಏನು ಮಾಡಿದರೆ ನಿಮಗೆ ಸಹಾಯ?

ಹೊಸ ಟೀಚರ್

ರಾತ್ರಿ ಹತ್ತು ಗಂಟೆಗೆ "ನಾಳೆ ಹೋಂವರ್ಕ್ ಏನು" ಅಂತ ಮೆಸೇಜ್ ಮಾಡಬೇಡಿ ಸರ್. ಅಷ್ಟು ಸಾಕು.

ನೀಲಿ ಶಾಯಿ

ಪೋಷಕರ ಸಭೆಗೆ ಬಂದಾಗ ಅಂಕದ ಜೊತೆಗೆ "ಅವಳು ಯಾರ ಜೊತೆ ಕೂರುತ್ತಾಳೆ, ಯಾವ ಪಾಠದಲ್ಲಿ ಮುಖ ಅರಳುತ್ತದೆ" ಅಂತ ಕೇಳಿ. ಆ ಪ್ರಶ್ನೆ ಕೇಳುವ ಪೋಷಕರು ಹತ್ತರಲ್ಲಿ ಒಬ್ಬರೂ ಇಲ್ಲ. ಹೇಳಲು ನಮ್ಮ ಹತ್ತಿರ ಎಷ್ಟೊಂದು ಇರುತ್ತದೆ.

ನಿವೃತ್ತ ಮೇಷ್ಟ್ರು

ಮಗಳ ಪುಸ್ತಕದಲ್ಲಿ ತಪ್ಪಿಗೆ ಸರಿ ಗುರುತು ಬಿದ್ದಿದ್ದರ ಬಗ್ಗೆ ಮತ್ತೊಮ್ಮೆ ಹೋಗಿ ಕೇಳಿ. ದೂರು ಅಂತಲ್ಲ. "ಈ ಲೆಕ್ಕ ನನಗೂ ಅರ್ಥವಾಗಲಿಲ್ಲ, ಇಬ್ಬರೂ ನೋಡೋಣವಾ" ಅಂತ ಹೇಳಿ. ಆ ಟೀಚರ್‌ಗೆ ಎಷ್ಟು ಪುಸ್ತಕ ಇವೆ ಅಂತಲೂ ಕೇಳಿ. ತಪ್ಪು ತಪ್ಪೇ, ಅದನ್ನು ಮುಚ್ಚಬೇಕಿಲ್ಲ. ಮೊದಲ ಸಲ ಅವರು ಕೊಟ್ಟ ಉತ್ತರವೂ ಸರಿಯಲ್ಲ. ಆದರೂ ಇನ್ನೊಂದು ಸಲ ಹೋಗಿ.

ಎರಡು ಮಕ್ಕಳ ಅಪ್ಪ

ಶನಿವಾರ ಹೋಗುತ್ತೇನೆ ಸರ್.

ಗಣಿತದ ಟೀಚರ್

ಎಲ್ಲರಿಗೂ ಧನ್ಯವಾದ. ಮೂರು ದಿನ ಬರಲು ಆಗಲಿಲ್ಲ, ಕಿರು ಪರೀಕ್ಷೆ ಇತ್ತು. ಹಳೇ ಹಾಜರಿ ಪುಸ್ತಕ ಅವರು ಹೇಳಿದ 1966ರ ಶಿಫಾರಸನ್ನು ಹುಡುಕಿ ಓದಿದೆ. ತಿದ್ದುವ ಸಮಯದ ಭಾಗವನ್ನು ಕೈಯಲ್ಲಿ ಬರೆದು ನಮ್ಮ ಮುಖ್ಯ ಶಿಕ್ಷಕರಿಗೆ ತೋರಿಸಿದೆ. ನಾವು ನಾಲ್ಕು ಜನ ಒಟ್ಟಿಗೆ ಹೋಗಿದ್ದೆವು. ವಾರಕ್ಕೆ ಮೂರು ಪೀರಿಯಡ್ ಕೇಳಿದೆವು. ಅವರು ಟೈಮ್‌ಟೇಬಲ್ ಮುಂದಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಗುರುವಾರ ಕೊನೆಯ ಪೀರಿಯಡ್ ಕೊಟ್ಟರು. ಆ ಹೊತ್ತಿಗೆ ಬದಲಿ ಪೀರಿಯಡ್ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ. 40 ನಿಮಿಷ. ಆರು ಗಂಟೆಯ ಕೆಲಸಕ್ಕೆ ಇದು ಎಲ್ಲಿಯೂ ಸಾಲದು. ಆದರೆ ಟೈಮ್‌ಟೇಬಲ್‌ನಲ್ಲಿ "ತಿದ್ದುವುದು" ಅಂತ ಬರೆದಿದ್ದನ್ನು ನನ್ನ ಇಷ್ಟು ವರ್ಷದಲ್ಲಿ ಮೊದಲ ಸಲ ನೋಡಿದೆ.

ಗುತ್ತಿಗೆ ಟೀಚರ್

ನಾಲ್ಕು ಜನ ಒಟ್ಟಿಗೆ ಹೋಗಿದ್ದು ಒಳ್ಳೆಯದಾಯಿತು. ನಿಮ್ಮ ಶಾಲೆಯಲ್ಲಿ ಗುತ್ತಿಗೆಯವರಿಗೂ ಆ ಪೀರಿಯಡ್ ಕೊಟ್ಟರಾ?

ಗಣಿತದ ಟೀಚರ್

ಇಲ್ಲ. ಅದನ್ನು ಕೇಳಲು ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು. ಸೋಮವಾರ ಮತ್ತೆ ಹೋಗುತ್ತೇನೆ, ಈ ಸಲ ಅವರನ್ನೂ ಕರೆದುಕೊಂಡು.

ಕೊನೆ ಬೆಂಚು

ಮೇಡಂ, ಆ ಹುಡುಗನ ಕಥೆ ಏನಾಯಿತು? 52ರಲ್ಲಿ 38?

ಗಣಿತದ ಟೀಚರ್

ಕಡ್ಡಿಗಳನ್ನು ಹತ್ತು ಹತ್ತು ಕಟ್ಟಿ ಕೊಟ್ಟೆ. ಐದು ಕಟ್ಟು, ಎರಡು ಬಿಡಿ. "ಇದರಲ್ಲಿ ಎಂಟು ಬಿಡಿ ಕೊಡು" ಅಂದೆ. ಎರಡು ಕೊಟ್ಟು ಕೈ ಖಾಲಿ ನೋಡಿಕೊಂಡ. ಮೇಷ್ಟ್ರು ಹೇಳಿದ ಹಾಗೆ ಮೂರು ಎಣಿಸಿದೆ, ಮತ್ತೂ ಸುಮ್ಮನಿದ್ದೆ. ಆಮೇಲೆ ಅವನೇ ಒಂದು ಕಟ್ಟಿನ ರಬ್ಬರ್ ಬಿಚ್ಚಿದ. ಈಗ ಎರಡಂಕಿಯ ಲೆಕ್ಕ ಸರಿ ಮಾಡುತ್ತಾನೆ. ನಡುವೆ ಸೊನ್ನೆ ಬಂದರೆ ಮಾತ್ರ ನಿಲ್ಲುತ್ತಾನೆ. 403ರಲ್ಲಿ 168 ಕೊಟ್ಟಿದ್ದೇನೆ. ಗುರುವಾರ ನೋಡಬೇಕು.